ಎಂಟು ಪ್ರಶ್ನೆಚಿಹ್ನೆ

ಸಾಫ್ಟ್‌ವೇರ್ ಕೆಲಸದಲ್ಲಿ ಯಾವ ಕಾಲೇಜಿನಲ್ಲೂ ಪಾಠ ಮಾಡದ, ಯಾವ ಇಂಟರ್‌ವ್ಯೂನಲ್ಲೂ ಕೇಳದ ಒಂದು ವಿಷಯವಿದೆ. ಅದು ಲಾಗ್ ಫೈಲಿನ ಒಂದು ಸಾಲು ಹೇಗಿರಬೇಕು ಎಂಬುದು. ಪ್ರೋಗ್ರಾಂ ಓಡುತ್ತಿರುವಾಗ ತಾನು ಏನು ಮಾಡಿದೆ, ಎಲ್ಲಿ ಎಡವಿದೆ ಎಂದು ಫೈಲಿಗೆ ಬರೆದುಕೊಳ್ಳುತ್ತಾ ಹೋಗುತ್ತದೆ. ಆ ಬರವಣಿಗೆ ಯಾವ ರೂಪದಲ್ಲಿರಬೇಕೆಂದು ಹೇಳಲು ಇನ್ನೊಂದು ಫೈಲಿನ ಮೂಲೆಯಲ್ಲಿ ಒಂದು ಗುಟ್ಟಿನ ಸಾಲು ಇರುತ್ತದೆ. ಶೇಕಡಾ ಚಿಹ್ನೆಗಳು, ನಡುವೆ ಒಂದೊಂದು ಇಂಗ್ಲಿಷ್ ಅಕ್ಷರ, ಅಲ್ಲಲ್ಲಿ ಅಂಕಿ. ನಾವು ಅದನ್ನು ಪ್ಯಾಟರ್ನ್ ಅನ್ನುತ್ತೇವೆ. ಯಾರೋ ಎಂದೋ ಬರೆದದ್ದನ್ನು ಇನ್ಯಾರೋ ನಕಲು ಮಾಡಿ ಹಾಕಿರುತ್ತಾರೆ. ಕಂಪನಿ ಬದಲಾಗುತ್ತದೆ, ಪ್ರಾಜೆಕ್ಟ್ ಬದಲಾಗುತ್ತದೆ, ಆ ಸಾಲು ಮಾತ್ರ ಹಾಗೆಯೇ ಉಳಿಯುತ್ತದೆ. ನನ್ನ ದುಡಿಮೆಯ ಬಹುಪಾಲು ಇಂಥ ಸಾಲುಗಳು ಉಗುಳಿದ್ದನ್ನು ಓದುವುದರಲ್ಲೇ ಕಳೆದಿದೆ.

ಶೇಕಡಾ ಚಿಹ್ನೆಯ ಪರಿಚಯವಾದದ್ದು ದಾವಣಗೆರೆಯ ಬಿಡಿಟಿ ಕಾಲೇಜಿನ ಲ್ಯಾಬಿನಲ್ಲಿ. ಟರ್ಬೋ ಸಿಯ ನೀಲಿ ಪರದೆ, ಅದರಲ್ಲಿ ಅಕ್ಷರ ಅಚ್ಚು ಹಾಕುವ ಪ್ರಿಂಟ್‌ಎಫ್. ಕರ್ನಿಗನ್ ಮತ್ತು ರಿಚಿ ಸಿ ಭಾಷೆಯ ಬಗ್ಗೆ 1978ರಲ್ಲಿ ಬರೆದ ಪುಸ್ತಕದ ಜೆರಾಕ್ಸ್ ಪ್ರತಿ ನಮ್ಮ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ನಮ್ಮೂರು ಸೂರಗೊಂಡನಕೊಪ್ಪದಿಂದ ಹೋದ ನನಗೆ ಇಂಗ್ಲಿಷ್ ವಿವರಣೆಗಿಂತ ಆ ಚಿಹ್ನೆಗಳೇ ಬೇಗ ಅರ್ಥವಾದವು. %-20ಎಸ್ ಅಂದರೆ ಇಪ್ಪತ್ತು ಜಾಗ ಹಿಡಿ, ಹೆಸರನ್ನು ಎಡಕ್ಕೆ ಒತ್ತರಿಸಿ ಬರೆ, ಉಳಿದದ್ದನ್ನು ಖಾಲಿ ಬಿಡು. ಅಂಕಪಟ್ಟಿ ಸಾಲಾಗಿ ಬಂದು ಪರದೆಯ ಮೇಲೆ ನಿಂತಾಗ ಆದ ಖುಷಿ ಈಗಲೂ ನೆನಪಿದೆ.

ಬೆಂಗಳೂರಿಗೆ ಬಂದಾಗ ಎಲ್ಲ ಕಡೆ ಜಾವಾ ಪ್ರೋಗ್ರಾಂಗಳಿಗೆ ಲಾಗ್ ಬರೆದುಕೊಡುವ ಲಾಗ್‌ಫೋರ್‌ಜೆ ಆಳುತ್ತಿತ್ತು. 1996ರಲ್ಲಿ ಸೆಂಪರ್ ಎಂಬ ಯುರೋಪಿಯನ್ ಯೋಜನೆಗಾಗಿ ಹುಟ್ಟಿದ್ದು, ಆಮೇಲೆ ಜೆಕಿ ಗ್ಯುಲ್ಜು ಎಂಬವರು ಬೆಳೆಸಿ ಅಪಾಚೆ ಸಂಸ್ಥೆಗೆ ತಂದದ್ದು. ಅದರ ಪ್ಯಾಟರ್ನ್ ನೋಡಿದ ಕೂಡಲೇ ನನಗೆ ಬಿಡಿಟಿಯ ಲ್ಯಾಬ್ ಕಂಡಿತು. ಪ್ರಿಂಟ್‌ಎಫ್‌ನ ಶೇಕಡಾ ಚಿಹ್ನೆಯನ್ನೇ ಅವರು ಎತ್ತಿಕೊಂಡಿದ್ದರು. ನಾವೆಲ್ಲ ಕಣ್ಣು ಮುಚ್ಚಿ ಬರೆಯುತ್ತಿದ್ದ ಸಾಲು ಹೀಗೆ: %ಡಿ %-5ಪಿ [%ಟಿ] %ಸಿ - %ಎಂ%ಎನ್. ಡಿ ಅಂದರೆ ದಿನಾಂಕ ಮತ್ತು ಸಮಯ, ಪಿ ಅಂದರೆ ವಿಷಯ ಎಷ್ಟು ಗಂಭೀರ ಎಂಬುದು, ಟಿ ಅಂದರೆ ಥ್ರೆಡ್, ಸಿ ಅಂದರೆ ಬರೆಯುತ್ತಿರುವ ಕ್ಲಾಸಿನ ಹೆಸರು, ಎಂ ಅಂದರೆ ಹೇಳಬೇಕಾದ ಮಾತು, ಎನ್ ಅಂದರೆ ಸಾಲು ಮುಗಿಯಿತು. ಆ ಐದು ಯಾಕೆ ಅಂದರೆ ಡೀಬಗ್, ಎರರ್ ಇಂಗ್ಲಿಷಿನಲ್ಲಿ ಐದೈದು ಅಕ್ಷರ, ಇನ್ಫೋ, ವಾರ್ನ್ ನಾಲ್ಕು. ಐದು ಜಾಗ ಮೀಸಲಿಟ್ಟರೆ ಮುಂದಿನದೆಲ್ಲ ಒಂದೇ ನೇರಕ್ಕೆ ಬರುತ್ತದೆ, ಕಣ್ಣು ಮೇಲಿನಿಂದ ಕೆಳಕ್ಕೆ ಸಲೀಸಾಗಿ ಜಾರುತ್ತದೆ. ಸಾವಿರಾರು ಸಾಲು ಓದುವವನಿಗೆ ಈ ಒಂದು ಖಾಲಿ ಜಾಗದ ಬೆಲೆ ಗೊತ್ತು.

ನಮ್ಮ ಟೀಮಿನಲ್ಲಿ ಒಬ್ಬ ಹಿರಿಯರಿದ್ದರು. ಮಾತು ಕಡಿಮೆ. ಹೊಸಬರು ಬಂದರೆ ಒಂದು ಲಾಗ್ ಫೈಲ್ ಕೊಟ್ಟು, "ಏನಾಗಿದೆ ಹೇಳಪ್ಪಾ, ಕೋಡ್ ಮಾತ್ರ ತೆಗೀಬೇಡ" ಅನ್ನುತ್ತಿದ್ದರು. ಆಗ ಗೊತ್ತಾಗುತ್ತಿತ್ತು, ಲಾಗ್ ಬರೆಯುವವನು ಒಬ್ಬ, ಓದುವವನು ಇನ್ನೊಬ್ಬ. ಬರೆಯುವವನ ಮುಂದೆ ಕೋಡ್ ತೆರೆದಿರುತ್ತದೆ. "ಇಲ್ಲಿಗೆ ಬಂತು" ಎಂದು ಬರೆದರೆ ಅವನಿಗೆ ಸಾಕು. ನಡುರಾತ್ರಿ ಫೋನ್ ಬಂದು ಎದ್ದು ಕೂತವನಿಗೆ ಎಲ್ಲಿಗೆ, ಯಾರು, ಯಾವಾಗ ಬಂದದ್ದು ಎಂಬುದು ಬೇಕು. ಆ ಹಿರಿಯರ ಹತ್ತಿರ ಅತಿ ಹೆಚ್ಚು ಬೈಸಿಕೊಂಡ ಲಾಗ್ ಸಂದೇಶ "ಎರರ್ ಅಕರ್ಡ್" ಎಂಬುದು. "ತಪ್ಪಾಯ್ತು ಅಂತ ಗೊತ್ತಾಗಿಯೇ ಅಲ್ವೇನಯ್ಯಾ ನಾನು ಇಲ್ಲಿ ಕೂತಿರೋದು" ಅನ್ನುವರು.

ದಿನಾಂಕದ್ದು ಬೇರೆಯೇ ಪುರಾಣ. ಜಾವಾದಲ್ಲಿ ದೊಡ್ಡ ಎಂ ಅಂದರೆ ತಿಂಗಳು, ಸಣ್ಣ ಎಂ ಅಂದರೆ ನಿಮಿಷ. ಒಬ್ಬ ಮಾರಾಟಗಾರರ ಕಡೆಯಿಂದ ಬಂದ ಫೈಲಿನಲ್ಲಿ ನಲವತ್ತೇಳನೇ ತಿಂಗಳು ಎಂದಿತ್ತು! ಅಂಥದ್ದು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಅಪಾಯವಿಲ್ಲ. ನಿಮಿಷ ಒಂದರಿಂದ ಹನ್ನೆರಡರೊಳಗೆ ಇರುವಾಗ ಬರೆದ ಸಾಲುಗಳೇ ಅಪಾಯ, ಅವು ಸರಿಯಾದ ತಿಂಗಳಂತೆಯೇ ಕಾಣುತ್ತವೆ. ದೊಡ್ಡ ಎಚ್ ಅಂದರೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ, ಸಣ್ಣ ಎಚ್ ಅಂದರೆ ಹನ್ನೆರಡರದ್ದು. ಬೆಳಗ್ಗೆ ಎರಡೋ ಮಧ್ಯಾಹ್ನ ಎರಡೋ ಹೇಳುವವರಿಲ್ಲ. ಇವೆಲ್ಲಕ್ಕಿಂತ ಕಪಟಿ ದೊಡ್ಡ ವೈ. ಅದು ಕ್ಯಾಲೆಂಡರಿನ ವರ್ಷ ಕೊಡುವುದಿಲ್ಲ, ಆ ವಾರ ಯಾವ ವರ್ಷಕ್ಕೆ ಸೇರಿದ್ದೋ ಅದನ್ನು ಕೊಡುತ್ತದೆ. ವರ್ಷದ ಮುನ್ನೂರ ಅರವತ್ತು ದಿನ ಎರಡೂ ಒಂದೇ. 2019ರ ಡಿಸೆಂಬರ್ 29 ಭಾನುವಾರವಾಗಿತ್ತು. ವಾರ ಭಾನುವಾರದಿಂದ ಶುರುವಾಗುವ ಲೆಕ್ಕದಲ್ಲಿ ಆ ವಾರದೊಳಗೇ ಹೊಸ ವರ್ಷದ ಮೊದಲ ದಿನ ಬಿದ್ದದ್ದರಿಂದ, ದೊಡ್ಡ ವೈ ಹಾಕಿದ್ದ ಪ್ರೋಗ್ರಾಂಗಳಲ್ಲಿ ಅಂದು 2020ರ ಡಿಸೆಂಬರ್ 29 ಎಂದು ಅಚ್ಚಾಯಿತು. ಟೆಸ್ಟ್ ಮಾಡುವವರು ಡಿಸೆಂಬರ್ ಕೊನೆಯಲ್ಲಿ ರಜೆ ಹಾಕಿರುತ್ತಾರಾದ್ದರಿಂದ ಈ ದೋಷಕ್ಕೆ ಆಯುಷ್ಯ ಜಾಸ್ತಿ.

ನಮ್ಮೂರ ಜಾತ್ರೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಪ್ಯಾಟರ್ನ್‌ನಲ್ಲಿ ಏನಿರಬೇಕು ಎಂಬ ಪಾಠ ನನಗೆ ಪೂರ್ತಿಯಾಗಿ ಇಳಿದದ್ದು ಅಲ್ಲಿ. ಸೂರಗೊಂಡನಕೊಪ್ಪ ಬಂಜಾರರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಿದ ಊರು. ಭಾಯಾಗಡ್ ಎಂದೂ ಕರೆಯುತ್ತೇವೆ. 1739ರ ಫೆಬ್ರವರಿ 15 ಅವರು ಹುಟ್ಟಿದ ದಿನ. ಪ್ರತಿ ವರ್ಷ ಆ ಹೊತ್ತಿಗೆ ಕರ್ನಾಟಕವಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ತಾಂಡಾಗಳಿಂದಲೂ ಜನ ಬಂದು ಇಳಿಯುತ್ತಾರೆ. ಮನುಷ್ಯರು ತಪ್ಪಿಸಿಕೊಳ್ಳದೆ ಇರುವ ಜಾತ್ರೆ ಯಾವುದಿದೆ? ಮೈಕಿನಲ್ಲಿ ರಾತ್ರಿಯಿಡೀ ಕೂಗು ನಡೆದೇ ಇರುತ್ತದೆ.

ಒಂದು ವರ್ಷ ಜಾತ್ರೆಯಲ್ಲಿದ್ದಾಗಲೇ 15ರ ನಸುಕಿನ ನಾಲ್ಕಕ್ಕೆ ಆಫೀಸಿನಿಂದ ಫೋನ್ ಬಂತು. ಅಮೆರಿಕದ ಗ್ರಾಹಕರೊಬ್ಬರ ಆರ್ಡರ್‌ಗಳು ಅರ್ಧಕ್ಕೇ ನಿಲ್ಲುತ್ತಿವೆ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಮೈಕಿನ ಶಾಮಿಯಾನದ ಪಕ್ಕ ಕೂತೆ, ಅಲ್ಲಿ ಲೈಟಿತ್ತು. ಲಾಗ್‌ನಲ್ಲಿ 15ನೇ ತಾರೀಖೇ ಇಲ್ಲ. ಸರ್ವರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆಯುತ್ತಿದ್ದರಿಂದ ನಮ್ಮ ನಸುಕಿನ ನಾಲ್ಕು ಅದಕ್ಕೆ 14ರ ರಾತ್ರಿ ಹತ್ತೂವರೆ. ಪ್ಯಾಟರ್ನ್‌ನಲ್ಲಿ ಟೈಮ್ ಝೋನ್ ಇಲ್ಲದ ಕಾರಣ ನನಗೆ ಫೋನ್ ಮಾಡಿದ ಹುಡುಗ ಬೇರೆಯೇ ಘಳಿಗೆಯ ಫೈಲ್ ಕಳಿಸಿದ್ದ. ಅದನ್ನು ಸರಿಮಾಡಿಕೊಂಡು ನೋಡಿದರೆ, ಒಂದೇ ಸೆಕೆಂಡಿನಲ್ಲಿ ನೂರಾರು ಸಾಲು. "ಆರ್ಡರ್ ಶುರು, ಆರ್ಡರ್ ಶುರು, ದಾಸ್ತಾನು ನೋಡಿದೆ, ಆರ್ಡರ್ ಶುರು, ವಿಫಲ." ಯಾವ ಆರ್ಡರ್ ವಿಫಲ?

ಅಷ್ಟರಲ್ಲಿ ಮೈಕ್ ಕೂಗಿತು. ಅಜ್ಜಿಯೊಬ್ಬರು ತಪ್ಪಿಸಿಕೊಂಡಿದ್ದಾರೆ, ಫೇಟಿಯಾ ಕಾಂಚಳಿ ಉಟ್ಟಿದ್ದಾರೆ, ಹೆಸರು ಸೀತಾಬಾಯಿ, ಊರು ಸೇವಾಲಾಲ್ ನಗರ. ನನ್ನ ಯಾಡಿ, ಅಂದರೆ ಅಮ್ಮ, ಪಕ್ಕದಲ್ಲೇ ಚಾಪೆಯ ಮೇಲಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ. "ಫೇಟಿಯಾ ಕಾಂಚಳಿ ಉಟ್ಟ ಮುದುಕಿ ಅಂದ್ರೆ ನಾನೂ ಹೋಗಿ ನಿಲ್ಲಬಹುದಲ್ಲೋ" ಅಂದಳು. ನಿಜವೇ. ಕನ್ನಡಿ ಹೊಲಿದ ಲಂಗ ಅಲ್ಲಿ ಎಲ್ಲ ಅಜ್ಜಿಯರ ಮೈಮೇಲೂ ಇತ್ತು. ಸೀತಾಬಾಯಿಯರು ಗುಂಪಿಗೆ ನಾಲ್ವರು ಸಿಗುತ್ತಾರೆ. ಸೇವಾಲಾಲರ ಹೆಸರಿಟ್ಟುಕೊಂಡ ತಾಂಡಾ ಎಷ್ಟು ತಾಲೂಕುಗಳಲ್ಲಿವೆಯೋ. ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ, ಪ್ರಯೋಜನಕ್ಕೆ ಬರುವುದೂ ಒಂದಿಲ್ಲ. ಸ್ವಲ್ಪ ಹೊತ್ತಿಗೆ ವಯಸ್ಸಾದ ಕಾರ್ಯಕರ್ತರೊಬ್ಬರು ಮೈಕ್ ಇಸಿದುಕೊಂಡು ಜಿಲ್ಲೆ, ತಾಲೂಕು, ತಾಂಡಾ ಎಂದು ಮೇಲಿನಿಂದ ಕೆಳಕ್ಕೆ ಹೇಳಿ, ಅವರು ಬಂದಿಳಿದ ಕ್ರೂಸರ್ ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಓದಿದರು. ಅಜ್ಜಿ ಸಿಕ್ಕರು.

ನನ್ನ ಪರದೆಯ ಮೇಲಿನ ಪ್ರತಿ ಸಾಲಿನಲ್ಲೂ ಇನ್ಫೋ ಎಂದಿತ್ತು, ಎಲ್ಲರೂ ಉಟ್ಟ ಲಂಗದ ಹಾಗೆ. ಜಾಗ ಉಳಿಸಲು ಯಾರೋ %ಸಿ ಪಕ್ಕದ ಬ್ರೇಸಿನಲ್ಲಿ ಒಂದು ಎಂದು ಹಾಕಿ ಕ್ಲಾಸಿನ ಪೂರ್ತಿ ವಿಳಾಸ ಕತ್ತರಿಸಿ ಕೊನೆಯ ತುಂಡನ್ನಷ್ಟೇ ಉಳಿಸಿದ್ದರು. ಆರ್ಡರ್ ಸರ್ವಿಸ್ ಎಂಬ ಕ್ಲಾಸು ಮೂರು ಕಡೆ ಇತ್ತು, ತಾಲೂಕಿಲ್ಲದ ಸೇವಾಲಾಲ್ ನಗರದಂತೆ. ಗಾಡಿಯ ನಂಬರ್ ಮಾತ್ರ ಎಲ್ಲೂ ಇರಲಿಲ್ಲ. ಅದಕ್ಕೂ ದಾರಿಯಿದೆ. ಒಂದು ಕೋರಿಕೆ ಸರ್ವರಿಗೆ ಬಂದಾಗಲೇ ಅದಕ್ಕೊಂದು ಗುರುತು ಕೊಟ್ಟು ಎಂಡಿಸಿ ಎಂಬ ಜಾಗದಲ್ಲಿ ಇಟ್ಟರೆ, ಪ್ಯಾಟರ್ನ್‌ನಲ್ಲಿ %ಎಕ್ಸ್ ಎಂದು ಬರೆದ ಕಡೆಯಲ್ಲೆಲ್ಲ ಆ ಗುರುತು ತಾನಾಗಿ ಅಚ್ಚಾಗುತ್ತದೆ. ಕೋಡ್ ಬರೆಯುವ ಹುಡುಗ ಪ್ರತಿ ಸಂದೇಶದಲ್ಲೂ ಅದನ್ನು ನೆನಪಿಟ್ಟು ಬರೆಯಬೇಕಿಲ್ಲ. ಆ ವಾರ ನಮ್ಮ ಪ್ಯಾಟರ್ನ್‌ಗೆ %ಎಕ್ಸ್ ಸೇರಿತು, ದಿನಾಂಕಕ್ಕೆ ಝೋನ್ ಸೇರಿತು. ಒಂದು ಸಾಲನ್ನು ಪಕ್ಕದ ಸಾಲಿನಿಂದ ಬೇರೆ ಮಾಡಿ ತೋರಿಸದ ವಿವರ ಲಾಗ್‌ನಲ್ಲಿ ಇರುವುದು ದಂಡ ಎಂದು ಅವತ್ತಿನಿಂದ ನಾನು ವಾದಿಸುತ್ತಲೇ ಬಂದಿದ್ದೇನೆ. ಹಾಗೆಂದು ಎಲ್ಲವನ್ನೂ ತುರುಕುವುದೂ ಸಲ್ಲ. ಕೋಡಿನ ಸಾಲು ಸಂಖ್ಯೆ, ಮೆಥಡ್ ಹೆಸರು ಕೇಳಿದರೆ ಪ್ರೋಗ್ರಾಂ ಪ್ರತಿ ಸಲವೂ ತಾನು ಎಲ್ಲಿಂದ ಎಲ್ಲಿಗೆ ಬಂದೆ ಎಂದು ಹಿಂದೆ ತಿರುಗಿ ನೋಡಬೇಕಾಗುತ್ತದೆ, ನಿಧಾನವಾಗುತ್ತದೆ. ಕೈಪಿಡಿಯಲ್ಲೇ ಅದಕ್ಕೆ ಎಚ್ಚರಿಕೆ ಬರೆದಿದ್ದಾರೆ.

(ಪೂರ್ತಿ ವಿಳಾಸವೂ ಶಾಶ್ವತವಲ್ಲ ಎಂಬುದಕ್ಕೆ ನಮ್ಮೂರೇ ಸಾಕ್ಷಿ. ನಾನು ಚಿಕ್ಕವನಿದ್ದಾಗ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲೂಕು. 1997ರಲ್ಲಿ ದಾವಣಗೆರೆ ಜಿಲ್ಲೆ. ಆಮೇಲೆ ನ್ಯಾಮತಿಯೇ ತಾಲೂಕಾಯಿತು. ಊರು ಕದಲಿಲ್ಲ, ಮುಂದಿನ ಹೆಸರುಗಳಷ್ಟೇ ಬದಲಾದವು. ಕ್ಲಾಸಿನ ವಿಳಾಸದಲ್ಲಿ ಪ್ಯಾಕೇಜಿನ ಹೆಸರು ಬದಲಿಸಿ ಹಳೆಯ ಲಾಗ್ ಹುಡುಕುವವರ ಪಾಡೂ ಇದೇ.)

ಇನ್ನು ಹೇಳುವುದು ನ್ಯಾಮತಿ ತಾಲೂಕಾದ ಮೇಲಿನ ಕಥೆ. ಪಕ್ಕದ ಟೀಮಿನವರು ಅರ್ಜಿ ತುಂಬುವ ಒಂದು ಆ್ಯಪ್ ನೋಡಿಕೊಳ್ಳುತ್ತಿದ್ದರು. ಯಾವ ಸಂಸ್ಥೆಯದು ಎಂಬುದು ಇಲ್ಲಿ ಬೇಡ. ಅದರಲ್ಲಿ ಊರು, ತಾಲೂಕು ಎಲ್ಲ ಕನ್ನಡದಲ್ಲಿ. ದಾವಣಗೆರೆ ಜಿಲ್ಲೆಯ ಕೆಲವು ಅರ್ಜಿಗಳು ತಿರಸ್ಕೃತವಾಗುತ್ತಿವೆ, ಕಾರಣ ತಿಳಿಯುತ್ತಿಲ್ಲ, "ನಿಮ್ಮ ಕಡೆಯದೇ ಅಲ್ವಾ, ಸ್ವಲ್ಪ ನೋಡಿ" ಎಂದು ಕಳಿಸಿದರು. ಲಾಗ್ ತೆರೆದರೆ ತಾಲೂಕು ಇರಬೇಕಾದ ಕಡೆಯೆಲ್ಲ ಪ್ರಶ್ನೆಚಿಹ್ನೆ. ಡೇಟಾಬೇಸಿನಲ್ಲಿ ಕನ್ನಡ ಸರಿಯಾಗಿತ್ತು, ಪರದೆಯ ಮೇಲೂ ಸರಿಯಾಗಿತ್ತು. ಲಾಗ್ ಫೈಲಿಗೆ ಬರೆಯುವ ಕಡೆ ಮಾತ್ರ ಯಾರೂ ಎನ್‌ಕೋಡಿಂಗ್ ಹೇಳಿರಲಿಲ್ಲ. ಹೇಳದಿದ್ದರೆ ಜಾವಾ ಆ ಯಂತ್ರದ ಲೊಕೇಲ್, ಅಂದರೆ ಭಾಷೆಯ ಸೆಟ್ಟಿಂಗ್ ನೋಡುತ್ತಿತ್ತು. ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಪ್ರತಿ ಅಕ್ಷರಕ್ಕೂ ಅದು ಒಂದು ಪ್ರಶ್ನೆಚಿಹ್ನೆ ಬರೆದು ಮುಂದೆ ಹೋಗಿತ್ತು.

ಹಳೆಯ ಫೈಲುಗಳನ್ನು ಸರಿಮಾಡುವ ಹಾಗಿರಲಿಲ್ಲ, ಬರೆದದ್ದು ಬರೆದಾಗಿತ್ತು. ಆದರೆ ಪ್ರಶ್ನೆಚಿಹ್ನೆಗಳ ಸಂಖ್ಯೆ ಉಳಿದಿತ್ತಲ್ಲ. ಯುನಿಕೋಡಿನಲ್ಲಿ ಕನ್ನಡದ ವ್ಯಂಜನ ಒಂದು, ಸ್ವರಚಿಹ್ನೆ ಒಂದು, ಒತ್ತಕ್ಷರಕ್ಕೆ ನಡುವಿನ ವಿರಾಮ ಇನ್ನೊಂದು. ನಾವು ಮೂರಕ್ಷರ ಅನ್ನುವ ನ್ಯಾಮತಿ ಅದಕ್ಕೆ ಏಳು: ನ, ವಿರಾಮ, ಯ, ದೀರ್ಘ, ಮ, ತ, ಗುಡಿಸು. ಕಾಗದದ ಮೇಲೆ ಜಿಲ್ಲೆಯ ಆರೂ ತಾಲೂಕು ಬರೆದುಕೊಂಡು ಎಣಿಸಿದೆ. ಹರಿಹರ ಐದು, ಜಗಳೂರು ಆರು, ನ್ಯಾಮತಿ ಏಳು. ಇಲ್ಲಿಯವರೆಗೆ ಸೊಗಸಾಗಿ ಬಂತು. ದಾವಣಗೆರೆ ಎಂಟು, ಹೊನ್ನಾಳಿ ಎಂಟು, ಚನ್ನಗಿರಿಯೂ ಎಂಟು. ಅರ್ಧ ಜಿಲ್ಲೆ ಎಂಟರಲ್ಲೇ ಕೂತಿದೆ! ತಿರಸ್ಕೃತವಾದ ಸಾಲುಗಳಲ್ಲೆಲ್ಲ ಏಳೇ ಇದ್ದದ್ದು ನಮ್ಮ ಪುಣ್ಯ. ಏಳು ಅಂದರೆ ನ್ಯಾಮತಿಯೇ. ಆ ಹೊಸ ತಾಲೂಕು ಆ್ಯಪ್‌ನ ಒಂದು ಪಟ್ಟಿಗೆ ಸೇರಿತ್ತು, ಇನ್ನೊಂದಕ್ಕೆ ಸೇರಿರಲಿಲ್ಲ. ಎಂಟು ಬಂದಿದ್ದರೆ ಮೂರು ತಾಲೂಕಿನ ಅರ್ಜಿ ಕೆದಕುತ್ತಾ ಕೂರಬೇಕಿತ್ತು. ಯುಟಿಎಫ್-8 ಎಂಬ ಒಂದು ಮಾತನ್ನು ಕಾನ್‌ಫಿಗ್ ಫೈಲಿಗೆ ಸೇರಿಸಿದ ಮೇಲೆ ಕನ್ನಡ ಕನ್ನಡವಾಗಿಯೇ ಬಂತು. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಇರುತ್ತದೆ. ಆದರೆ ಜಾವಾ 8 ಹಿಡಿದು ಕೂತ ಸರ್ವರ್‌ಗಳು ಇನ್ನೂ ಎಷ್ಟೋ ಇವೆ.

ಕನ್ನಡ ಬಂದ ಮೇಲೆ ಹೊಸ ತಾಪತ್ರಯ. ಬಿಡಿಟಿಯಲ್ಲಿ ಖುಷಿ ಕೊಟ್ಟ ಆ -20 ಇಲ್ಲಿ ಕೈಕೊಟ್ಟಿತು. ಸೂರಗೊಂಡನಕೊಪ್ಪ ಕಣ್ಣಿಗೆ ಏಳಕ್ಷರ, ಜಾವಾಕ್ಕೆ ಹದಿಮೂರು. ಅದು ಇಪ್ಪತ್ತರಲ್ಲಿ ಹದಿಮೂರು ತುಂಬಿತೆಂದು ಏಳೇ ಖಾಲಿ ಜಾಗ ಬಿಡುತ್ತದೆ. ಕನ್ನಡದ ಹೆಸರಿರುವ ಕಾಲಂ ನೇರಕ್ಕೆ ನಿಲ್ಲುವುದೇ ಇಲ್ಲ. ಉದ್ದಕ್ಕೆ ಮಿತಿ ಹಾಕಿದರೆ ಇನ್ನೂ ಚೆನ್ನ. ಸಿ ಭಾಷೆಯಲ್ಲಿ %.10ಎಸ್ ಅಂದರೆ ಹತ್ತು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ನಮ್ಮೂರ ಹೆಸರಿಗೆ ಒಟ್ಟು ಮೂವತ್ತೊಂಬತ್ತು. ಹತ್ತರಲ್ಲಿ "ಸೂರ" ಮುಗಿದು, ಮುಂದಿನ ಅಕ್ಷರದ ಮೂರನೇ ಒಂದು ಭಾಗ ಮುರಿದು ಬೀಳುತ್ತದೆ. ಲಾಗ್‌ಫೋರ್‌ಜೆ ಕತ್ತರಿಸುವುದು ಎಡಗಡೆಯಿಂದ. ಕ್ಲಾಸಿನ ಹೆಸರಿಗೆ ಅದು ಸರಿ, ಮುಖ್ಯವಾದದ್ದು ಕೊನೆಯಲ್ಲಿರುತ್ತದೆ. ನಮ್ಮೂರ ಹೆಸರಿಗೆ ಹನ್ನೆರಡರ ಮಿತಿ ಹಾಕಿದರೆ "ಸ" ಹೋಗಿ, ಬರೀ ಕೊಂಬು ಒಂದು ಚುಕ್ಕೆ ಉಂಗುರದ ಮೇಲೆ ನೇತಾಡುತ್ತದೆ. ಕನ್ನಡ ಬರಬಹುದಾದ ಯಾವ ಕಾಲಂಗೂ ಅಗಲ ಗೊತ್ತುಮಾಡಬಾರದು, ಅದನ್ನು ಸಾಲಿನ ಕೊನೆಗೆ ಹಾಕಿ ಬಿಟ್ಟುಬಿಡಬೇಕು. ಇದು ನನ್ನ ತೀರ್ಮಾನ. ಅಂದಗೆಡುತ್ತದೆ ಎಂದು ಗೊಣಗಿದವರಿದ್ದಾರೆ, ಅವರಿಗೆ ಲಾಗ್ ನೋಡಲು ಬೇಕು, ನನಗೆ ಓದಲು ಬೇಕು.

ಕೊರೋನಾ ಕಾಲದಲ್ಲಿ ಊರಿಗೆ ಬಂದವನು ಬಹಳ ಕಾಲ ಅಲ್ಲಿಂದಲೇ ಕೆಲಸ ಮಾಡಿದೆ. ನೆಟ್‌ವರ್ಕ್ ತಾರಸಿಯ ಮೇಲೆ ಸಿಗುತ್ತಿತ್ತು. 2021ರ ಡಿಸೆಂಬರ್ 10, ಶುಕ್ರವಾರ. ಅಂಗಳದ ತುಂಬ ಮೆಕ್ಕೆಜೋಳ ಒಣಹಾಕಿದ್ದರು. ಅವತ್ತು ಜಗತ್ತಿನ ಸಾಫ್ಟ್‌ವೇರ್ ಜನವೆಲ್ಲ ಲಾಗ್‌ಫೋರ್‌ಜೆ ಎಂಬ ಹೆಸರು ಹೇಳಿಕೊಂಡು ಓಡಾಡುತ್ತಿತ್ತು. ಅಲಿಬಾಬಾ ಕಂಪನಿಯ ಭದ್ರತಾ ತಂಡದ ಚೆನ್ ಝಾವೋಜುನ್ ನವೆಂಬರ್ 24ಕ್ಕೇ ಅಪಾಚೆಗೆ ತಿಳಿಸಿದ್ದ ದೋಷ ಬಯಲಾಗಿತ್ತು. ಲಾಗ್‌ಫೋರ್‌ಜೆಯ ಎರಡನೇ ಆವೃತ್ತಿ %ಎಂ ಎಂಬಲ್ಲಿ ಬಂದ ಮಾತನ್ನು ಬರೀ ಬರೆದುಕೊಳ್ಳುತ್ತಿರಲಿಲ್ಲ. ಅದರೊಳಗೆ ಡಾಲರ್ ಚಿಹ್ನೆ ಮತ್ತು ಬ್ರೇಸ್ ಕಂಡರೆ ಲುಕಪ್ ಎಂಬ ಹೆಸರಿನಲ್ಲಿ ಅದನ್ನು ಆಜ್ಞೆ ಎಂದು ಓದಿ ಪಾಲಿಸುತ್ತಿತ್ತು. ಜೆಎನ್‌ಡಿಐ ವಿಳಾಸ ಕೊಟ್ಟರೆ ಅಲ್ಲಿಗೆ ಹೋಗಿ, ಅಲ್ಲಿದ್ದ ಕೋಡ್ ತಂದು ಓಡಿಸಲೂಬಹುದಿತ್ತು. ಲಾಗಿನ್ ಪುಟದಲ್ಲಿ ಹೆಸರಿನ ಜಾಗದಲ್ಲಿ ಅಂಥ ಒಂದು ಸಾಲು ಟೈಪ್ ಮಾಡಿದರೆ, "ಈ ಹೆಸರಿನವರು ಯಾರೂ ಇಲ್ಲ" ಎಂದು ಲಾಗ್ ಬರೆಯಲು ಹೋದ ಸರ್ವರೇ ಕಳ್ಳನ ಕೈಸೇರುತ್ತಿತ್ತು. ಮೈನ್‌ಕ್ರಾಫ್ಟ್ ಆಟದ ಚಾಟ್‌ನಲ್ಲಿ ಹುಡುಗರು ಇದನ್ನೇ ಮಾಡಿ ತೋರಿಸಿದರು. ಹತ್ತಕ್ಕೆ ಹತ್ತು ಅಪಾಯಾಂಕ ಬಿದ್ದ ದೋಷ.

ಮೊದಲ ದಿನಗಳಲ್ಲಿ ಆವೃತ್ತಿ ಬದಲಿಸಲು ಆಗದ ಕಡೆ ಹೇಳಿದ ಮದ್ದು ಪ್ಯಾಟರ್ನ್‌ನಲ್ಲೇ ಇತ್ತು. %ಎಂ ಪಕ್ಕ ಬ್ರೇಸಿನೊಳಗೆ ನೋಲುಕಪ್ಸ್ ಎಂದು ಬರೆಯಿರಿ. ತಾರಸಿಯ ಮೇಲೆ ಕಂಬಳಿ ಹೊದ್ದು ಒಂದೊಂದೇ ಸರ್ವರಿನ ಫೈಲ್ ತೆಗೆದು ಆ ಪದ ಸೇರಿಸುತ್ತಾ ಹೋದೆವು. ಬೆಂಗಳೂರಿನವರು ಫೋನಿನಲ್ಲಿ, ನಾನು ಇಲ್ಲಿ. ಕೆಲವೇ ದಿನಕ್ಕೆ ಅದು ಸಾಲದು ಎಂದಾಯಿತು. ಎರಡನೇ ದೋಷದ ವಿವರ ಓದಿ ತಲೆ ಚಚ್ಚಿಕೊಂಡೆ. ಪ್ಯಾಟರ್ನ್‌ನಲ್ಲಿ ಎಂಡಿಸಿಯ ಗುರುತನ್ನು ಅಚ್ಚು ಹಾಕಿಸುವವರಿಗೆ, ಅಂದರೆ ನಾನು ಊರೂರಿಗೆ ಹೇಳಿಕೊಂಡು ಬಂದ %ಎಕ್ಸ್ ಬಳಸುವವರಿಗೆ ಅಪಾಯ ಇನ್ನೂ ಇದೆ ಎಂದಿತ್ತು. ಹೊಸ ಆವೃತ್ತಿ 2.16 ಬಂದು ಲುಕಪ್ಪನ್ನೇ ಸಂದೇಶದಿಂದ ಕಿತ್ತುಹಾಕಿತು. ವಾರ ಕಳೆಯುವುದರೊಳಗೆ 2.17, ತಿಂಗಳ ಕೊನೆಗೆ 2.17.1. 2015ರ ಆಗಸ್ಟ್‌ನಲ್ಲೇ ಆಯುಷ್ಯ ಮುಗಿಯಿತೆಂದು ಅಪಾಚೆ ಸಾರಿದ್ದ ಹಳೆಯ 1.2 ಆವೃತ್ತಿ ಬಳಸುತ್ತಿದ್ದವರಿಗೆ ಈ ದೋಷ ತಟ್ಟಲೇ ಇಲ್ಲ. ಅಪ್‌ಡೇಟ್ ಮಾಡದ ಸೋಮಾರಿಗಳು ಆ ವಾರ ಎದೆಯುಬ್ಬಿಸಿ ತಿರುಗಿದರು. ಅವರದ್ದರಲ್ಲಿ ಬೇರೆ ತೂತುಗಳಿದ್ದವು ಎಂಬುದು ಬೇರೆ ಮಾತು.

ಈಗ ಕಾಲ ಬದಲಾಗುತ್ತಿದೆ. ಹೊಸ ಪ್ರಾಜೆಕ್ಟ್‌ಗಳಲ್ಲಿ ಪ್ಯಾಟರ್ನ್ ಬದಲು ಜೇಸನ್. ಪ್ರತಿ ವಿವರಕ್ಕೂ ಅದರದೇ ಹೆಸರು, ಓದುವುದು ಯಂತ್ರ. ಅಗಲ, ನೇರ, ಖಾಲಿ ಜಾಗದ ರಗಳೆಯಿಲ್ಲ. ಒಳ್ಳೆಯದೇ. ಆದರೆ ಗಾಡಿಯ ನಂಬರ್ ಹಾಕದಿದ್ದರೆ ಜೇಸನ್ ಆದರೂ ಅಜ್ಜಿಯನ್ನು ಹುಡುಕಿಕೊಡುವುದಿಲ್ಲ, ಎನ್‌ಕೋಡಿಂಗ್ ತಪ್ಪಿದರೆ ಅದರಲ್ಲೂ ಪ್ರಶ್ನೆಚಿಹ್ನೆಯೇ ಬರುತ್ತದೆ.

ಕನ್ನಡದ ಜನರಿಗಾಗಿ ಆ್ಯಪ್ ಬರೆಯುತ್ತಿರುವ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಟೆಸ್ಟ್ ಮಾಡುವಾಗ ಟೆಸ್ಟ್-ಒಂದು, ಟೆಸ್ಟ್-ಎರಡು ಎಂದು ಇಂಗ್ಲಿಷಿನಲ್ಲಿ ಹೆಸರು ತುಂಬಬೇಡಿ. ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ತುಂಬಿ, ಒತ್ತಕ್ಷರ ಇರುವ ಉದ್ದದ ಹೆಸರಾದರೆ ಇನ್ನೂ ಒಳ್ಳೆಯದು. ಪರದೆ ನೋಡಿ ಸುಮ್ಮನಾಗದೆ, ಸರ್ವರಿನ ಲಾಗ್ ಫೈಲ್ ಒಂದು ಸಲ ತೆರೆದು ನೋಡಿ.